ನ್ಯೂಕ್ಲಿಯಸ್ ದುಂಡಗಿಲ್ಲ ಸ್ವಾಮೀ!

ಕೈಯಲ್ಲಿ ಪೆನ್ನಿದ್ದರೆ ಈ ಪತ್ರಿಕೆಯ ಅಂಚಿನಲ್ಲೇ ಒಂದು ಪರಮಾಣುವಿನ ಚಿತ್ರ ಬರೆಯಿರಿ ನೋಡೋಣ.

ಬರೆದಿರಾ? ಏನು ಬರೆದಿದ್ದೀರಿ ಅಂತ ನಾನೇ ಹೇಳುತ್ತೇನೆ. ನಡುವೆ ಒಂದು ದುಂಡನೆಯ ಉಂಡೆ. ಸುತ್ತ ಎರಡೋ ಮೂರೋ ಉಂಗುರ. ಉಂಗುರದ ಮೇಲೆ ಅಲ್ಲಲ್ಲಿ ಚುಕ್ಕಿ. ಹೈಸ್ಕೂಲಿನ ಬೋರ್ಡಿನ ಮೇಲೆ ಕಂಡದ್ದು, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದದ್ದು. ಉಂಗುರಗಳು ನಿಜವಲ್ಲ, ಎಲೆಕ್ಟ್ರಾನುಗಳು ಮೋಡದ ಹಾಗೆ ಹರಡಿಕೊಂಡಿರುತ್ತವೆ ಎಂದು ಪಿಯುಸಿಯಲ್ಲಿ ಯಾರಾದರೂ ಪುಣ್ಯಾತ್ಮರು ಹೇಳಿರಬಹುದು. ಆದರೆ ನಡುವಿನ ಆ ಉಂಡೆ? ಅದನ್ನು ಯಾರೂ ಮುಟ್ಟಲಿಲ್ಲ. ನಾವೂ ಮುಟ್ಟಲಿಲ್ಲ.

ನಾನು ಒಮ್ಮೆ ಮುಟ್ಟಲು ಹೋಗಿದ್ದೆ. ಪಿಯುಸಿಯಲ್ಲಿದ್ದಾಗ ಎದ್ದು ನಿಂತು ಕೇಳಿದೆ: "ಸಾರ್, ನ್ಯೂಕ್ಲಿಯಸ್ಸು ದುಂಡಗೇ ಇದೆ ಅಂತ ಹೆಂಗ್ ಗೊತ್ತಾಯ್ತು?" ಮೇಷ್ಟ್ರು ಬೋರ್ಡಿನಿಂದ ತಿರುಗಲೂ ಇಲ್ಲ. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊಳ್ಳಯ್ಯಾ" ಅಂದರು. ಕ್ಲಾಸೆಲ್ಲ ನಕ್ಕಿತು. ಕೂತೆ.

ಬಹಳ ವರ್ಷಗಳಾದ ಮೇಲೆ ಗೊತ್ತಾಯಿತು, ಆ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ ಅಂತ. ಅದನ್ನೇ ಕೇಳಿಕೊಂಡು ಯೂರೋಪಿನಲ್ಲಿ ಒಂದು ಪ್ರಯೋಗಶಾಲೆ ಐವತ್ತು ವರ್ಷದಿಂದ ಪಾದರಸವನ್ನು ಅಳೆಯುತ್ತಾ ಕೂತಿದೆ! ಅದರ ಉತ್ತರ ನಮ್ಮ ಪುಸ್ತಕದ ಉಂಡೆಯನ್ನು ಹಿಸುಕಿಹಾಕಿದೆ. ಆ ಕತೆಯನ್ನು ನೀವು ಕೇಳಲೇಬೇಕು.

ಮೊದಲು ಪುಸ್ತಕ ಹೇಳುವುದನ್ನು ನೋಡೋಣ. ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನು ಮತ್ತು ನ್ಯೂಟ್ರಾನುಗಳ ಒಟ್ಟು ಸಂಖ್ಯೆಯ ಘನಮೂಲ ತೆಗೆಯಿರಿ, ಒಂದು ಸ್ಥಿರಾಂಕದಿಂದ ಗುಣಿಸಿ, ತ್ರಿಜ್ಯ ಬಂತು. ಇದರ ಅರ್ಥ ಬಹಳ ಸರಳ. ನ್ಯೂಕ್ಲಿಯಸ್ ಎಂದರೆ ರಾಗಿಮುದ್ದೆ ಇದ್ದ ಹಾಗೆ. ಹಿಟ್ಟು ಹೆಚ್ಚಾದರೆ ಮುದ್ದೆ ದೊಡ್ಡದು, ಒಂದು ಚಿವುಟು ತೆಗೆದರೆ ಅಷ್ಟು ಚಿಕ್ಕದು. ಮುದ್ದೆ ಮಾತ್ರ ಯಾವಾಗಲೂ ದುಂಡಗೆ.

ಈಗ ಪಾದರಸ ತೆಗೆದುಕೊಳ್ಳಿ. ಹಳೆಯ ಜ್ವರದ ಥರ್ಮಾಮೀಟರಿನಲ್ಲಿ ಹೊಳೆಯುತ್ತಿತ್ತಲ್ಲ, ಅದೇ. ಪಾದರಸದ ಯಾವ ಪರಮಾಣುವನ್ನೇ ಹಿಡಿಯಿರಿ, ನ್ಯೂಕ್ಲಿಯಸ್ಸಿನಲ್ಲಿ 80 ಪ್ರೋಟಾನು ಇದ್ದೇ ಇರುತ್ತವೆ. ನ್ಯೂಟ್ರಾನುಗಳ ಲೆಕ್ಕ ಮಾತ್ರ ಬೇರೆ ಬೇರೆ. ಹೀಗೆ ನ್ಯೂಟ್ರಾನಿನಲ್ಲಷ್ಟೇ ಭಿನ್ನವಾದವು ಐಸೋಟೋಪುಗಳು. ನಿಮ್ಮ ಪುಸ್ತಕದಲ್ಲಿ ಸಮಸ್ಥಾನಿ ಅಂತ ಇದ್ದಿರಬೇಕು. ಪ್ರಕೃತಿಯಲ್ಲಿ ಅತಿ ಹೆಚ್ಚಾಗಿ ಸಿಗುವುದು ಪಾದರಸ-202. ಅದರಲ್ಲಿ 122 ನ್ಯೂಟ್ರಾನು. ಅಲ್ಲಿಂದ ಕೆಳಕ್ಕೆ ನ್ಯೂಟ್ರಾನುಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತಾ ಹೋದರೆ ಸಿಗುವುದೇ ನ್ಯೂಟ್ರಾನ್ ಕೊರತೆಯ ಐಸೋಟೋಪುಗಳು. ಅವು ಗಣಿಯಲ್ಲಿ ಸಿಗುವುದಿಲ್ಲ. ಯಂತ್ರದಲ್ಲಿ ಹುಟ್ಟಿಸಬೇಕು. ಹುಟ್ಟಿದ ಮೇಲೆ ಕೆಲವು ನಿಮಿಷ, ಕೆಲವು ಸೆಕೆಂಡು ಬದುಕಿ ಇನ್ನೊಂದು ಧಾತುವಾಗಿ ಬದಲಾಗಿಬಿಡುತ್ತವೆ. ಪಾದರಸ-185 ಒಂದು ನಿಮಿಷವೂ ಬಾಳುವುದಿಲ್ಲ. ಪಾದರಸ-177ಕ್ಕೆ ಇರುವುದು ಒಂದು ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಆಯುಸ್ಸು.

ಇಂಥ ಕ್ಷಣಿಕ ಜೀವದ ಗಾತ್ರ ಅಳೆಯುವುದು ಹೇಗೆ? ಬೆಳಕಿನಿಂದ. ಪರಮಾಣುವಿನ ಕೆಲವು ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನ ಒಳಕ್ಕೂ ಇಣುಕಿ ಬರುತ್ತವೆ. ಆದ್ದರಿಂದ ನ್ಯೂಕ್ಲಿಯಸ್ಸಿನ ಗಾತ್ರ ಒಂದಿಷ್ಟು ಬದಲಾದರೂ ಆ ಪರಮಾಣು ಹೀರುವ ಬೆಳಕಿನ ಬಣ್ಣ ಕೂದಲೆಳೆಯಷ್ಟು ಆಚೀಚೆ ಸರಿಯುತ್ತದೆ. ಆ ಸರಿದಾಟ ಅಳೆದರೆ ಗಾತ್ರದ ಬದಲಾವಣೆ ಸಿಕ್ಕಿತು.

1972ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯ ಐಸೋಲ್ಡೆ ಎಂಬ ಪ್ರಯೋಗಶಾಲೆಯಲ್ಲಿ ಎರ್ನ್ಸ್ಟ್ ಒಟ್ಟನ್ ಮತ್ತು ಸಂಗಡಿಗರು ಇದೇ ಅಳತೆ ಮಾಡುತ್ತಿದ್ದರು. ಪಾದರಸ-187ರವರೆಗೆ ಎಲ್ಲ ಪುಸ್ತಕದ ಹಾಗೇ ನಡೆಯಿತು. ನ್ಯೂಟ್ರಾನು ಕಡಿಮೆಯಾದಂತೆ ಗಾತ್ರವೂ ಸ್ವಲ್ಪಸ್ವಲ್ಪವೇ ಕಡಿಮೆ. ಸ್ಕೇಲಿಟ್ಟು ಗೆರೆ ಎಳೆಯಬಹುದಾದಷ್ಟು ನೀಟು. ಅಲ್ಲಿಗೇ ನಿಲ್ಲಿಸಿ, "ಮುಂದಿನದೂ ಹೀಗೇ ಇರುತ್ತದೆ ಬಿಡಿ" ಎಂದು ಗೆರೆಯನ್ನು ಮುಂದುವರಿಸಿಬಿಡಬಹುದಿತ್ತು. ಯಾರು ಕೇಳುತ್ತಿದ್ದರು?

ಅವರು ನಿಲ್ಲಿಸಲಿಲ್ಲ. ಪಾದರಸ-185 ಅಳೆದರು. ಅಲ್ಲಿ ಗೆರೆ ಮುರಿದುಬಿತ್ತು!

ಎರಡು ನ್ಯೂಟ್ರಾನು ಕಡಿಮೆಯಾದ ನ್ಯೂಕ್ಲಿಯಸ್ಸು ಚಿಕ್ಕದಾಗುವ ಬದಲು ಥಟ್ಟನೆ ದೊಡ್ಡದಾಗಿತ್ತು. ತನಗಿಂತ ಹಲವು ನ್ಯೂಟ್ರಾನು ಹೆಚ್ಚಿರುವ ಪಾದರಸದಷ್ಟು ಹಿಗ್ಗಿಕೊಂಡಿತ್ತು. ಹಿಟ್ಟು ತೆಗೆದರೆ ಮುದ್ದೆ ದೊಡ್ಡದಾಗುವುದು ಅಂದರೆ ಏನರ್ಥ?

ಅರ್ಥ ಒಂದೇ. ಮುದ್ದೆ ದುಂಡಗೆ ಉಳಿದಿಲ್ಲ. ಅಷ್ಟೇ ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ಒತ್ತಿ ಉದ್ದ ಮಾಡಿ ನೋಡಿ. ಹಿಟ್ಟು ಹೆಚ್ಚಾಗಲಿಲ್ಲ. ಆದರೆ ನಡುವಿನಿಂದ ಅದು ಹರಡಿರುವ ದೂರ ಸರಾಸರಿಯಲ್ಲಿ ಹೆಚ್ಚಾಯಿತು. ಬೆಳಕು ಅಳೆದದ್ದು ಆ ದೂರವನ್ನೇ. ಪಾದರಸ-185 ಉದ್ದಕ್ಕೆ ಎಳೆದ ಮುದ್ದೆ.

ಇಷ್ಟಕ್ಕೇ ಮುಗಿಯಲಿಲ್ಲ. ಸರಿ, 185ರಿಂದ ಕೆಳಗೆ ಎಲ್ಲ ಉದ್ದವಾಗಿರಬೇಕು ಅಂತ ನೀವು ಊಹಿಸಿದರೆ, ಅದೂ ತಪ್ಪು! ಮುಂದಿನ ವರ್ಷಗಳ ಅಳತೆಯಲ್ಲಿ ಪಾದರಸ-184 ಮತ್ತೆ ಹಳೆಯ ಗೆರೆಗೇ ಬಂದು ಕೂತಿತು. 183 ಮತ್ತೆ ಹಿಗ್ಗಿತು. 182 ಮತ್ತೆ ಕುಗ್ಗಿತು. 181 ಮತ್ತೆ ಹಿಗ್ಗಿತು. ಒಂದು ನ್ಯೂಟ್ರಾನು ಬಂದರೆ ಒಂದು ಆಕಾರ, ಇನ್ನೊಂದು ಹೋದರೆ ಇನ್ನೊಂದು ಆಕಾರ. ಸುಮಾರು 180 ಜನರ ಸಭೆಯಲ್ಲಿ ಒಬ್ಬ ಎದ್ದು ಹೊರಗೆ ಹೋದದ್ದಕ್ಕೆ ಇಡೀ ಸಭೆ ಕುರ್ಚಿ ಬದಲಿಸಿ ಕೂತ ಹಾಗೆ! ಇನ್ನೂ ಮಜಾ ಅಂದರೆ ಪಾದರಸ-185ರಲ್ಲೇ ಎರಡು ಬಗೆ. ಅದೇ 80 ಪ್ರೋಟಾನು, ಅದೇ 105 ನ್ಯೂಟ್ರಾನು. ಒಂದು ಸ್ಥಿತಿಯಲ್ಲಿ ಉದ್ದ, ಸ್ವಲ್ಪ ಹೆಚ್ಚು ಶಕ್ತಿಯ ಇನ್ನೊಂದು ಸ್ಥಿತಿಯಲ್ಲಿ ಹೆಚ್ಚುಕಡಿಮೆ ದುಂಡು.

ಈಗ ಪ್ರಶ್ನೆ ಇದು. ಈ ಕುಣಿತ ಎಲ್ಲಿ ನಿಲ್ಲುತ್ತದೆ? 179 ಹೇಗಿದೆ, 177 ಹೇಗಿದೆ? ಇದಕ್ಕೆ ಉತ್ತರ ಸಿಕ್ಕಿದ್ದು 2018ರಲ್ಲಿ. ಲೆಕ್ಕ ಹಾಕಿ, 46 ವರ್ಷ! ಮೊದಲ ಅಳತೆಯ ವರ್ಷ ಹುಟ್ಟಿದ ಕೂಸಿಗೆ ಅಷ್ಟರಲ್ಲಿ ತಲೆ ಬೆಳ್ಳಗಾಗಿರುತ್ತದೆ. ಅಷ್ಟು ತಡವಾಗಲು ಕಾರಣ, ಹಗುರವಾದಷ್ಟೂ ಈ ಐಸೋಟೋಪುಗಳು ಹುಟ್ಟುವುದು ಕಡಿಮೆ, ಸಾಯುವುದು ಬೇಗ. ಬೆರಳೆಣಿಕೆಯಷ್ಟು ಪರಮಾಣುಗಳ ಬಣ್ಣ ಅಳೆಯುವುದೆಂದರೆ ಹುಡುಗಾಟವಲ್ಲ. ಆಗ ಸಾಕ್ಷಿ ಹೇಳಲು ಬಂದದ್ದು ಆಲ್ಫಾ ಕಣ.

ಆಲ್ಫಾ ಗೊತ್ತಲ್ಲ? ಎರಡು ಪ್ರೋಟಾನು, ಎರಡು ನ್ಯೂಟ್ರಾನು ಸೇರಿದ ಗಟ್ಟಿ ಕಟ್ಟು. ಭಾರದ ನ್ಯೂಕ್ಲಿಯಸ್ಸುಗಳು ಅದನ್ನು ಹೊರಕ್ಕೆ ಉಗುಳಿ ಹಗುರವಾಗುತ್ತವೆ. ಆದರೆ ಉಗುಳುವುದು ಸಲೀಸಲ್ಲ. ಸುತ್ತ ವಿದ್ಯುತ್ ಬಲದ ಒಂದು ಬೆಟ್ಟವಿದೆ. ಅದನ್ನು ಹತ್ತಿ ದಾಟುವಷ್ಟು ಶಕ್ತಿ ಆಲ್ಫಾಕ್ಕೆ ಇಲ್ಲ. ಆದರೂ ಹೊರಗೆ ಬರುತ್ತದೆ! ಹೇಗೆ? 1928ರಲ್ಲಿ ಜಾರ್ಜ್ ಗ್ಯಾಮೋ ಒಂದು ಕಡೆ, ಗರ್ನಿ ಮತ್ತು ಕಾಂಡನ್ ಇನ್ನೊಂದು ಕಡೆ, ಇದಕ್ಕೆ ಉತ್ತರ ಕೊಟ್ಟರು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಬೆಟ್ಟ ಹತ್ತುವುದಿಲ್ಲ, ಸುರಂಗ ಹೊಕ್ಕು ಆಚೆ ಬರುತ್ತದೆ. ಆಲ್ಫಾ ಕೂಡ ಹಾಗೇ. ವ್ಯತ್ಯಾಸ ಇಷ್ಟೇ, ರೈಲಿಗೆ ಸುರಂಗ ತೋಡಿಕೊಟ್ಟವರಿದ್ದಾರೆ. ಇಲ್ಲಿ ತೋಡಿದವರಿಲ್ಲ, ತೂತೂ ಇಲ್ಲ. ಕ್ವಾಂಟಂ ನಿಯಮದ ಪ್ರಕಾರ ಬೆಟ್ಟದ ಆಚೆ ಕಾಣಿಸಿಕೊಳ್ಳುವ ಒಂದು ಸಣ್ಣ ಸಾಧ್ಯತೆ ಇದೆ, ಅಷ್ಟೇ.

ಆ ಸಾಧ್ಯತೆ ಬೆಟ್ಟದ ದಪ್ಪಕ್ಕೆ ಎಷ್ಟು ಸೂಕ್ಷ್ಮ ಅಂತ ನೋಡಿ. ಥೋರಿಯಂ-232ರ ಆಲ್ಫಾಕ್ಕೆ ಸುಮಾರು 40 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಆ ಥೋರಿಯಂನ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕರಗಲು ಬೇಕಾದ ಕಾಲ, ಸುಮಾರು 1400 ಕೋಟಿ ವರ್ಷ. ಅದೇ ಥೋರಿಯಂನ ವಂಶದಲ್ಲೇ ಮುಂದೆ ಹುಟ್ಟುವ ಪೊಲೋನಿಯಂ-212ರ ಆಲ್ಫಾಕ್ಕೆ ಸುಮಾರು 88 ಲಕ್ಷ. ಅದರ ಅರ್ಧಾಯುಷ್ಯ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ! ಶಕ್ತಿ ಎರಡು ಪಟ್ಟು ಹೆಚ್ಚಾದರೆ ಆಯುಸ್ಸು ಒಂದರ ಮುಂದೆ ಇಪ್ಪತ್ತನಾಲ್ಕು ಸೊನ್ನೆ ಹಾಕಿದಷ್ಟು ಪಟ್ಟು ಕಡಿಮೆಯಾಯಿತು. ಇಂಥ ಚುರುಕು ಸಾಕ್ಷಿಗೆ ನ್ಯೂಕ್ಲಿಯಸ್ಸಿನ ಆಕಾರ ಕಾಣದೇ ಇರುತ್ತದೆಯೇ? ಉದ್ದನೆಯ ನ್ಯೂಕ್ಲಿಯಸ್ಸಿನ ತುದಿಗಳಲ್ಲಿ ಬೆಟ್ಟ ತೆಳ್ಳಗಿರುತ್ತದೆ, ಅಲ್ಲಿಂದ ಆಲ್ಫಾ ಸುಲಭವಾಗಿ ಜಾರಬೇಕು ಎಂದು ಹಿಲ್ ಮತ್ತು ವೀಲರ್ 1953ರಲ್ಲೇ ಹೇಳಿದ್ದರು. ಇನ್ನೊಂದು ಗುಣವೂ ಇದೆ. ಆಲ್ಫಾ ಹೋದಮೇಲೆ ಉಳಿಯುವ ಮಗಳು ನ್ಯೂಕ್ಲಿಯಸ್ಸಿನ ರೂಪ ತಾಯಿಯ ರೂಪಕ್ಕೆ ಹೊಂದಿದರೆ ದಾರಿ ಸಲೀಸು. ಹೊಂದದಿದ್ದರೆ ತಡ.

ಈಗ 2018ಕ್ಕೆ ಬನ್ನಿ. ಐಸೋಲ್ಡೆಯಲ್ಲಿ ಕರಗಿದ ಸೀಸಕ್ಕೆ ಪ್ರೋಟಾನುಗಳನ್ನು ಹೊಡೆದು ಪಾದರಸದ ಐಸೋಟೋಪುಗಳನ್ನು ಹುಟ್ಟಿಸಿದರು. ಅವುಗಳ ಮೇಲೆ ಲೇಸರ್ ಬಿಟ್ಟರು. ಲೇಸರಿನ ಬಣ್ಣ ಸರಿಯಾಗಿ ಹೊಂದಿದರೆ ಮಾತ್ರ ಪಾದರಸದ ಪರಮಾಣು ಎಲೆಕ್ಟ್ರಾನ್ ಕಳೆದುಕೊಂಡು ಅಯಾನ್ ಆಗಿ ಆಚೆ ಬರುತ್ತದೆ. ಬಂದದ್ದು ತೆಳ್ಳಗಿನ ಇಂಗಾಲದ ಹಾಳೆಗೆ ಬಡಿದು ಕೂರುತ್ತದೆ. ಅಲ್ಲೇ ಆಲ್ಫಾ ಉಗುಳುತ್ತದೆ. ಒಂದೊಂದು ಐಸೋಟೋಪಿನ ಆಲ್ಫಾಕ್ಕೂ ಅದರದೇ ಶಕ್ತಿ, ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಸುತ್ತ ಬೇರೆ ಕಸ ಎಷ್ಟೇ ಇದ್ದರೂ ಈ ಆಲ್ಫಾ 177ರದ್ದು ಅಂತ ಗುರುತು ಹಿಡಿಯಬಹುದು. ಯಾವ ಬಣ್ಣಕ್ಕೆ ಎಷ್ಟು ಆಲ್ಫಾ ಬಂತು ಎಂದು ಎಣಿಸುತ್ತಾ ಹೋದರು. ಗಾತ್ರ ಸಿಕ್ಕಿತು.

ಫಲಿತಾಂಶ? 180, 179, 178, 177 ನಾಲ್ಕೂ ಹಳೆಯ ಗೆರೆಯ ಮೇಲೆ ಸಾಧುಗಳ ಹಾಗೆ ಕೂತಿವೆ. ಕುಣಿದದ್ದು ಮೂರೇ ಮೂರು: 181, 183, 185. ಅವುಗಳಿಗಿಂತ ಭಾರದವೂ ಶಾಂತ, ಹಗುರದವೂ ಶಾಂತ. ಇದು ಯಾಕೆ ಹೀಗೆ ಎಂಬುದನ್ನು ಜಪಾನಿನ ವಿಜ್ಞಾನಿಗಳು ಆಗ ಅಲ್ಲಿದ್ದ 'ಕೆ' ಎಂಬ ಮಹಾ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ನ್ಯೂಕ್ಲಿಯಸ್ಸಿನೊಳಗೆ ಕಣಗಳು ಮೆಟ್ಟಿಲು ಮೆಟ್ಟಿಲಾಗಿ ಕೂತಿರುತ್ತವೆ. ಕೆಲವು ಪ್ರೋಟಾನುಗಳು ತಮ್ಮ ಮೆಟ್ಟಿಲು ಬಿಟ್ಟು ಮೇಲಕ್ಕೆ ಹಾರಿದರೆ, ಅವಕ್ಕೂ ಒಂದು ನಿರ್ದಿಷ್ಟ ಮೆಟ್ಟಿಲಿನ ನ್ಯೂಟ್ರಾನುಗಳಿಗೂ ಎಳೆತ ಹೆಚ್ಚಾಗಿ ಇಡೀ ನ್ಯೂಕ್ಲಿಯಸ್ಸು ಉದ್ದವಾಗುತ್ತದೆ. ಉದ್ದವಾಗಲು ತಗಲುವ ಖರ್ಚು, ಉದ್ದವಾದ್ದರಿಂದ ಬರುವ ಲಾಭ, ಎರಡೂ ಹೆಚ್ಚುಕಡಿಮೆ ಸಮ. ತಕ್ಕಡಿ ಹೀಗೆ ಸಮ ನಿಂತಾಗ ಒಂದೇ ಒಂದು ನ್ಯೂಟ್ರಾನು ಅದನ್ನು ಅತ್ತ ಇತ್ತ ವಾಲಿಸಬಲ್ಲದು.

ಪಾದರಸ ಒಂದೇ ಹೀಗೆ ತಿಕ್ಕಲು ಅಂದುಕೊಳ್ಳಬೇಡಿ. ಪಕ್ಕದ ಸೀಸಕ್ಕೆ 82 ಪ್ರೋಟಾನು. ಇದು ಭೌತಶಾಸ್ತ್ರದವರು 'ಮಾಂತ್ರಿಕ ಸಂಖ್ಯೆ' ಅನ್ನುವ ಸಂಖ್ಯೆಗಳಲ್ಲಿ ಒಂದು, ಮೆಟ್ಟಿಲು ಪೂರ್ತಿ ತುಂಬಿದ ಲೆಕ್ಕ. ದುಂಡಗಿರಬೇಕಾದವರಲ್ಲಿ ಸೀಸವೇ ಮೊದಲಿಗ. 2000ದಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕ್ರೋಮಿಯಂ ನ್ಯೂಕ್ಲಿಯಸ್ಸುಗಳನ್ನು ನಿಯೋಡಿಮಿಯಂಗೆ ಹೊಡೆದು ಪೊಲೋನಿಯಂ-190 ಹುಟ್ಟಿಸಿದ ಫಲಿತಾಂಶ ಪ್ರಕಟವಾಯಿತು. ಅದು ಕೆಲವೇ ಮಿಲಿಸೆಕೆಂಡಿನಲ್ಲಿ ಆಲ್ಫಾ ಉಗುಳಿ ಸೀಸ-186 ಆಗುತ್ತದೆ. ಆಲ್ಫಾಗಳ ಶಕ್ತಿಯನ್ನು ಜರಡಿ ಹಿಡಿದಾಗ ಮೂರು ಬಗೆ ಕಂಡವು. ಅಂದರೆ ಹುಟ್ಟುವ ಸೀಸ ಮೂರು ಸ್ಥಿತಿಗಳಲ್ಲಿ ಹುಟ್ಟುತ್ತಿದೆ. ಒಂದು ಮೂಸಂಬಿಯ ಹಾಗೆ ದುಂಡು. ಒಂದು ಸಿಹಿಗುಂಬಳದ ಹಾಗೆ ಚಪ್ಪಟೆ. ಒಂದು ಕಲ್ಲಂಗಡಿಯ ಹಾಗೆ ಉದ್ದ. ಮೂರಕ್ಕೂ ನಡುವೆ ಇರುವ ಶಕ್ತಿಯ ಅಂತರ ಸುಮಾರು ಆರೂವರೆ ಲಕ್ಷ ಎಲೆಕ್ಟ್ರಾನ್ ವೋಲ್ಟಿನೊಳಗೆ. ಹೊರಬರುವ ಆಲ್ಫಾದ ಶಕ್ತಿಯೇ 75 ಲಕ್ಷ ಇರುವಾಗ ಇದು ಚಿಲ್ಲರೆ ಲೆಕ್ಕ. ಒಂದೇ ನ್ಯೂಕ್ಲಿಯಸ್ಸು, ಮೂರು ಆಕಾರ, ಪಕ್ಕಪಕ್ಕದಲ್ಲೇ!

2021ರಲ್ಲಿ ಐಸೋಲ್ಡೆಯಲ್ಲೇ ಬಿಸ್ಮತ್-188ರಲ್ಲೂ ಪಾದರಸದಂಥದೇ ಹಠಾತ್ ಹಿಗ್ಗು ಕಂಡಿತು. ಅದರಲ್ಲಿ ನ್ಯೂಟ್ರಾನು ಎಷ್ಟು ಗೊತ್ತೇ? 105. ಪಾದರಸ-185ರಲ್ಲಿ ಇರುವಷ್ಟೇ! 2025ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು 85 ಪ್ರೋಟಾನು, 103 ನ್ಯೂಟ್ರಾನಿನ ಅಸ್ಟಟೈನ್-188 ಹುಟ್ಟಿಸಿದರು. ಅದೂ ಉದ್ದ ಕಲ್ಲಂಗಡಿಯೇ.

"ಸರಿ, ಇದರಿಂದ ಏನು ಪ್ರಯೋಜನ?" ಅಂತ ಈಗ ಒಬ್ಬರಾದರೂ ಕೇಳುತ್ತೀರಿ. ನನಗೆ ಗೊತ್ತು. ಆಲ್ಫಾದ ಉಪಯೋಗ ಬೇಕಾದರೆ ಪಟ್ಟಿ ಕೊಡಬಲ್ಲೆ. ಮೂಳೆಗೆ ಹಬ್ಬಿದ ಕ್ಯಾನ್ಸರಿಗೆ ರೇಡಿಯಂ-223ರ ಆಲ್ಫಾವನ್ನು ವೈದ್ಯರು ಬಳಸುತ್ತಾರೆ. ಹೊಸ ಅತಿಭಾರದ ಧಾತು ಹುಟ್ಟಿತೋ ಇಲ್ಲವೋ ಎಂಬುದನ್ನು ಅದು ಒಂದರ ಹಿಂದೊಂದು ಉಗುಳುವ ಆಲ್ಫಾಗಳಿಂದಲೇ ಪತ್ತೆ ಹಚ್ಚುತ್ತಾರೆ. ಆದರೆ ಪಾದರಸ-181 ಉದ್ದಗಿದೆ ಎಂಬುದರಿಂದ ನಾಳೆ ಯಾರ ಮನೆಯ ದೀಪವೂ ಉರಿಯುವುದಿಲ್ಲ. ಸುಳ್ಳು ಆಸೆ ತೋರಿಸಿ ವಿಜ್ಞಾನ ಮಾರುವ ದಲ್ಲಾಳಿ ಕೆಲಸ ನನಗೆ ಬೇಡ.

ಪ್ರಯೋಜನ ಬೇರೆ ಕಡೆ ಇದೆ. ಗೊತ್ತಿರುವ ನಾಲ್ಕು ಚುಕ್ಕಿಗಳ ಮೇಲೆ ಸ್ಕೇಲಿಟ್ಟು ಗೆರೆ ಎಳೆದು, ಗೊತ್ತಿಲ್ಲದ್ದನ್ನೂ ಗೊತ್ತಿದೆ ಅಂದುಕೊಳ್ಳುವುದು ನಮ್ಮೆಲ್ಲರ ಚಟ. ನಮ್ಮ ಪರೀಕ್ಷೆ ನಮಗೆ ಕಲಿಸಿದ್ದೂ ಅದನ್ನೇ: ಸೂತ್ರಕ್ಕೆ ಸಂಖ್ಯೆ ಹಾಕು, ಉತ್ತರ ಬರೆ, ಮುಂದಿನ ಪ್ರಶ್ನೆಗೆ ಹೋಗು. 185ರ ಹತ್ತಿರ ಸೂತ್ರಕ್ಕೆ ಸಂಖ್ಯೆ ಹಾಕಿದವನಿಗೆ ಉತ್ತರ ಬರುತ್ತಿತ್ತು, ಆದರೆ ತಪ್ಪು ಉತ್ತರ. ಅದು ತಪ್ಪು ಅಂತ ಅವನಿಗೆ ಜೀವಮಾನದಲ್ಲಿ ಗೊತ್ತಾಗುತ್ತಿರಲಿಲ್ಲ. ಅಳೆದವನಿಗೆ ಮಾತ್ರ ಗೊತ್ತಾಯಿತು.

ಉಂಡೆಯ ಚಿತ್ರಕ್ಕೂ ನ್ಯಾಯ ಸಲ್ಲಬೇಕು. ಅದು ಪೂರ್ತಿ ಸುಳ್ಳಲ್ಲ. ಬಹಳಷ್ಟು ನ್ಯೂಕ್ಲಿಯಸ್ಸುಗಳಿಗೆ ಘನಮೂಲದ ಸೂತ್ರ ಸರಾಸರಿಯಲ್ಲಿ ಚೆನ್ನಾಗೇ ಹೊಂದುತ್ತದೆ. ಮಕ್ಕಳಿಗೆ ಮೊದಲ ದಿನ ಉಂಡೆಯನ್ನೇ ತೋರಿಸಿ, ನನ್ನ ತಕರಾರಿಲ್ಲ. ನನ್ನ ತಕರಾರು, ಅದನ್ನು ಕೊನೆಯ ದಿನದವರೆಗೂ ತೋರಿಸುವುದಕ್ಕೆ. "ಇದು ಸರಾಸರಿಯ ಮಾತು, ಇದು ಎಲ್ಲಿ ಮುರಿಯುತ್ತದೆ ಅಂತ ಮುಂದೆ ನೋಡೋಣ" ಎಂಬ ಒಂದು ಸಾಲು ಸೇರಿಸಲು ಎಷ್ಟು ಮಸಿ ಖರ್ಚಾಗುತ್ತದೆ? ಆ ಒಂದು ಸಾಲು ಇಲ್ಲದ್ದಕ್ಕೇ ಕ್ಲಾಸಿನಲ್ಲಿ ಎದ್ದು ನಿಂತ ಹುಡುಗ, ಹುಡುಗಿ ಮತ್ತೆ ಕೂತುಬಿಡುವುದು.

ಇದೆಲ್ಲ ಯೂರೋಪಿನವರ ಉಸಾಬರಿ, ನಮಗ್ಯಾಕೆ ಅನ್ನಬೇಡಿ. ನ್ಯೂಕ್ಲಿಯಸ್ಸು ಹಿಗ್ಗಿ, ನಡು ಸಣ್ಣದಾಗಿ, ಎರಡಾಗಿ ಒಡೆಯುವ ವಿದಳನವೂ ಆಕಾರದ ಕತೆಯೇ. ಅದನ್ನು ಸಂಶೋಧನೆ ಮಾಡಿದವರಲ್ಲಿ 1925ರಲ್ಲಿ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ನಮ್ಮ ರಾಜಾ ರಾಮಣ್ಣನವರೂ ಒಬ್ಬರು. ನ್ಯೂಕ್ಲಿಯಸ್ಸುಗಳು ಸೂಸುವ ಗಾಮಾ ಕಿರಣಗಳಿಂದ ಅವುಗಳ ಆಕಾರ ಓದುವ ಉಪಕರಣಗಳ ದೊಡ್ಡ ವ್ಯೂಹವೊಂದು ನಮ್ಮ ದೇಶದಲ್ಲೇ ಇದೆ. ದೆಹಲಿ, ಮುಂಬಯಿ, ಕೋಲ್ಕತ್ತಾಗಳ ವೇಗವರ್ಧಕಗಳ ನಡುವೆ ಅದು ಸರದಿಯ ಮೇಲೆ ಓಡಾಡಿದೆ. 2017ರಿಂದ ಭಾರತ ಸರ್ನ್ ಸಂಸ್ಥೆಯ ಸಹಸದಸ್ಯ ದೇಶ ಕೂಡ. ಬಾಗಿಲು ತೆರೆದೇ ಇದೆ. ಒಳಗೆ ಹೋಗಬೇಕಾದವರು ನೀವು.

ಎಲ್ಲರೂ ಭೌತಶಾಸ್ತ್ರ ಓದಿ ಅಂತ ನಾನು ಹೇಳುತ್ತಿಲ್ಲ. ಹೊಟ್ಟೆಪಾಡಿಗೆ ಯಾವ ಕೆಲಸವನ್ನಾದರೂ ಮಾಡಿ. ಆದರೆ ಯಾರಾದರೂ ನಿಮ್ಮೆದುರು ನೀಟಾದ ಗೆರೆಯೊಂದನ್ನು ಎಳೆದು "ಮುಂದೂ ಹೀಗೇ" ಎಂದರೆ, ಪಾದರಸ-185 ನೆನಪಾಗಲಿ. "ಅಳೆದು ನೋಡಿದಿರಾ ಸಾರ್?" ಅಂತ ಕೇಳಿ. ಕೂತ್ಕೊಳ್ಳಯ್ಯಾ ಅಂದರೆ ಕೂರಬೇಡಿ. ನಾನು ಕೂತು ಕೆಟ್ಟೆ.

ಈಗ ಪತ್ರಿಕೆಯ ಅಂಚಿನಲ್ಲಿ ಬರೆದ ಆ ಚಿತ್ರಕ್ಕೆ ಮತ್ತೊಮ್ಮೆ ಬನ್ನಿ. ನಡುವಿನ ಉಂಡೆಯನ್ನು ಅಳಿಸುವುದು ಬೇಡ, ಹಾಗೇ ಇರಲಿ. ಅದರ ಪಕ್ಕದಲ್ಲೊಂದು ಸಿಹಿಗುಂಬಳ, ಒಂದು ಕಲ್ಲಂಗಡಿ ಬರೆಯಿರಿ. ಮನೆಯಲ್ಲಿ ತಮ್ಮನೋ ತಂಗಿಯೋ "ಇದೇನಣ್ಣಾ, ಇದೇನಕ್ಕಾ?" ಅಂತ ಕೇಳಿಯೇ ಕೇಳುತ್ತಾರೆ. ಆಗ ಹೇಳಿ.